ನಾಲ್ಕೇ ಡ್ರಮ್ಮು ಇದ್ದರೂ ಕೆಮಿಕಲ್ ನಿಯಮ ನಿಮಗೂ ಅನ್ವಯಿಸುತ್ತೆ

ನಮಸ್ಕಾರ. ಸಣ್ಣ ಕಾರ್ಖಾನೆ ನಡೆಸುವವರ ಬಾಯಲ್ಲಿ ಪದೇ ಪದೇ ಬರೋ ಮಾತೊಂದಿದೆ: "ಕೆಮಿಕಲ್ ರೂಲ್ಸೆಲ್ಲ ದೊಡ್ಡ ಕಂಪನಿಗಳಿಗೆ. ನಮ್ಮ ಹತ್ರ ಇರೋದೇ ನಾಲ್ಕು ಡ್ರಮ್ಮು." ಈ ನಂಬಿಕೆ ತಪ್ಪು. ಇದರಿಂದ ಜೀವಕ್ಕೇ ಅಪಾಯ.

1984ರ ಭೋಪಾಲ್ ದುರಂತದ ನಂತರ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದು ನಿಯಮಗಳು ಬಂದವು. ಅವುಗಳಲ್ಲಿ ಪ್ರಮಾಣದ ಮಿತಿ ಇರೋದು ನಿಜ. ಕ್ಲೋರಿನ್‌ಗೆ 10 ಟನ್, ಪ್ರತ್ಯೇಕವಾಗಿ ಶೇಖರಿಸಿಟ್ಟ ಅಮೋನಿಯಾಕ್ಕೆ 60 ಟನ್, ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್‌ಗೆ ಬರೀ 150 ಕೆಜಿ. ಈ ಮಿತಿ ಮುಟ್ಟಿದವರು ಸಂಬಂಧಪಟ್ಟ ಸರ್ಕಾರಿ ಪ್ರಾಧಿಕಾರಕ್ಕೆ ಮೊದಲೇ ತಿಳಿಸಬೇಕು, ತುರ್ತು ಯೋಜನೆ ಬರೆದಿಡಬೇಕು, ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ನಡೆಸಬೇಕು.

ಆದರೆ 4ನೇ ಮತ್ತು 17ನೇ ನಿಯಮಗಳನ್ನು ಓದಿ ನೋಡಿ. ಅಪಾಯಕಾರಿ ರಾಸಾಯನಿಕವನ್ನು ಕೆಲಸದಲ್ಲಿ ಬಳಸುವ ಘಟಕಕ್ಕೆ ಅಲ್ಲಿ ಟನ್ನಿನ ಲೆಕ್ಕವೇ ಇಲ್ಲ. ಯಾವ ಅವಘಡ ಆಗಬಹುದು ಅಂತ ಗುರುತಿಸಬೇಕು. ಕೆಲಸಗಾರರಿಗೆ ಮಾಹಿತಿ, ತರಬೇತಿ, ರಕ್ಷಣಾ ಸಾಧನ, ಬೇಕಾದ ಪ್ರತಿವಿಷ ಒದಗಿಸಬೇಕು. ಸುರಕ್ಷತಾ ಮಾಹಿತಿ ಪತ್ರ, ಅಂದರೆ ಎಸ್‌ಡಿಎಸ್, ಇರಬೇಕು. ಪ್ರತಿ ಡಬ್ಬದ ಮೇಲೂ ಲೇಬಲ್ ಇರಬೇಕು.

ಪೀಣ್ಯದಂಥ ಕಡೆ ಇರುವ ಒಂದು ಪ್ಲೇಟಿಂಗ್ ಘಟಕವನ್ನೇ, ಅಂದರೆ ಲೋಹದ ಮೇಲೆ ಲೇಪ ಹಾಕುವ ಕಾರ್ಖಾನೆಯನ್ನೇ ತಗೊಳ್ಳಿ. ತುಕ್ಕು ತೆಗೆಯೋಕೆ ಹೈಡ್ರೋಕ್ಲೋರಿಕ್ ಆಸಿಡ್, ಸತು ಅಥವಾ ತಾಮ್ರದ ಲೇಪಕ್ಕೆ ಸೋಡಿಯಂ ಸಯನೈಡ್. ಜಾಗ ಕಡಿಮೆ, ಹಾಗಾಗಿ ಎರಡೂ ಒಂದೇ ಮೂಲೆಯಲ್ಲಿ. ಸಯನೈಡ್ ದ್ರಾವಣಕ್ಕೆ ಆಸಿಡ್ ಬಿದ್ದು ಪಿಎಚ್ (ಆಮ್ಲ-ಕ್ಷಾರದ ಅಳತೆ) 9ಕ್ಕಿಂತ ಕೆಳಗಿಳಿದರೆ ಸಯನೈಡಿನ ಹೆಚ್ಚಿನ ಪಾಲು ಹೈಡ್ರೋಜನ್ ಸಯನೈಡ್ ಅನ್ನೋ ಮಾರಕ ವಿಷ ಆಗುತ್ತೆ. ಅದು ಕುದಿಯೋದು ಸುಮಾರು 26 ಡಿಗ್ರಿಗೆ, ಬೆಂಗಳೂರಿನ ಮಾಮೂಲಿ ಮಧ್ಯಾಹ್ನದ ಶಾಖ ಅಷ್ಟೇ. ಕಹಿ ಬಾದಾಮಿ ವಾಸನೆ ಬರುತ್ತೆ ಅಂತಾರೆ, ಆದರೆ ಅನೇಕರ ಮೂಗಿಗೆ ಅದು ತಿಳಿಯೋದೇ ಇಲ್ಲ. ವಾಸನೆ ನಂಬಿ ಕೂರಬೇಡಿ.

ಇದು ಗೊತ್ತಿರುವ ಮಾಲೀಕರು ಸೋರಿದ್ದು ಹೊರಗೆ ಹರಿಯದಂತೆ ಎರಡಕ್ಕೂ ಬೇರೆ ಬೇರೆ ಕಟ್ಟೆ ಕಟ್ಟಿಸ್ತಾರೆ. ಅತಿ ದೊಡ್ಡ ಡ್ರಮ್ಮಿಗಿಂತ ಹತ್ತು ಪರ್ಸೆಂಟ್ ಹೆಚ್ಚು ಹಿಡಿಯುವಷ್ಟು, ಲೆಕ್ಕ ಸರಿಯಾಗೇ ಇರುತ್ತೆ. ಎಡವೋದು ಮೋರಿಯಲ್ಲಿ. ನೆಲ ತೊಳೆದ ನೀರು ಹೋಗಲಿ ಅಂತ ಎರಡೂ ಕಟ್ಟೆಗೆ ತೂತು ಬಿಟ್ಟು ಒಂದೇ ಚರಂಡಿಗೆ ಸೇರಿಸಿರ್ತಾರೆ. ಮೇಲೆ ಬೇರೆಬೇರೆ ಇಟ್ಟಿದ್ದು ಕೆಳಗೆ ಹೋಗಿ ಬೆರೆಯುತ್ತೆ. ಇವತ್ತೇ ಒಂದೊಂದು ಕಟ್ಟೆಗೂ ಒಂದೊಂದು ಬಕೆಟ್ ಬರೀ ನೀರು ಸುರಿದು, ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನೋಡಿ. ಹೊರಗೆ ಹರಿದರೆ ತೂತು ಮುಚ್ಚಿಸಿ, ಸಯನೈಡ್ ನೀರಿಗೂ ಆಸಿಡ್ ನೀರಿಗೂ ಬೇರೆ ಪೈಪ್, ಬೇರೆ ತೊಟ್ಟಿ ಮಾಡಿಸಿ.

ಇನ್ನು ಎಸ್‌ಡಿಎಸ್. ಸಾಮಾನ್ಯವಾಗಿ ಅದು ಇಂಗ್ಲಿಷಿನಲ್ಲಿ, ಆಫೀಸಿನ ಬೀರುವಿನಲ್ಲಿ ಇರುತ್ತೆ. ಹದಿನಾರು ವಿಭಾಗವನ್ನೂ ಯಾರೂ ಬಾಯಿಪಾಠ ಮಾಡಬೇಕಿಲ್ಲ. 4, 5, 7, 8, 10 ಓದಿ. ಪ್ರಥಮ ಚಿಕಿತ್ಸೆ, ಬೆಂಕಿ, ಶೇಖರಣೆ, ರಕ್ಷಣಾ ಸಾಧನ, ಯಾವುದರ ಜೊತೆ ಯಾವುದು ಕೂಡದು ಅನ್ನೋದು ಇವಿಷ್ಟರಲ್ಲಿ ಸಿಗುತ್ತೆ. ಸಯನೈಡಿನ 5ನೇ ವಿಭಾಗದಲ್ಲಿ ಬೆಂಕಿ ಆರಿಸೋಕೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಬೇಡಿ ಅಂತಿರುತ್ತೆ, ತೇವ ಇದ್ದರೆ ಅದೂ ವಿಷಾನಿಲ ಎಬ್ಬಿಸುತ್ತೆ. ಈಗ ನಿಮ್ಮ ಸಯನೈಡ್ ರೂಮಿನ ಬಾಗಿಲಲ್ಲಿ ಯಾವ ಸಿಲಿಂಡರ್ ನೇತಾಡ್ತಿದೆ, ಹೋಗಿ ನೋಡಿ. 8ನೇ ವಿಭಾಗ ಓದಿದರೆ ಧೂಳಿನ ಮಾಸ್ಕ್ ಅನಿಲ ತಡೆಯಲ್ಲ ಅನ್ನೋದೂ ಗೊತ್ತಾಗುತ್ತೆ.

ಲೇಬಲ್ ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ. ಡ್ರಮ್ಮಿನ ಮೇಲೆ ಕಂಪನಿ ಅಂಟಿಸಿದ್ದು ಇರುತ್ತೆ, ಸರಿ. ಆದರೆ ಶಿಫ್ಟಿಗೆ ಬೇಕಾದಷ್ಟು ಬಗ್ಗಿಸಿಕೊಳ್ಳೋದು ಅಡುಗೆ ಎಣ್ಣೆಯ ಹಳೇ ಕ್ಯಾನಿಗೆ, ಇಲ್ಲವೇ ನೀರಿನ ಬಾಟಲಿಗೆ. ಸಂಜೆ ಶಿಫ್ಟಿನವನಿಗೆ ಅದರಲ್ಲಿ ಏನಿದೆ ಅಂತ ಹೇಗೆ ಗೊತ್ತಾಗಬೇಕು? ತಿನ್ನೋ ಕುಡಿಯೋ ಪದಾರ್ಥದ ಡಬ್ಬ ಒಳಗೆ ಬರಲೇಬಾರದು. ಕ್ಯಾನಿನ ಮೇಲೆ ಹೆಸರು, ಅಪಾಯದ ಚಿಹ್ನೆ, ಮೈಮೇಲೆ ಬಿದ್ದರೆ ಏನು ಮಾಡಬೇಕು ಅನ್ನೋದು ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ. ಆಸಿಡ್ ತೇವಕ್ಕೆ ಮಾರ್ಕರ್ ಅಳಿಸುತ್ತೆ, ಪ್ಲಾಸ್ಟಿಕ್ ತಗಡಿನ ಚೀಟಿ ಮಾಡಿಸಿ ಹಿಡಿಕೆಗೆ ಕಟ್ಟಿ.

ಕೊನೆಯದು, ಪ್ರತಿವಿಷ. ಸಯನೈಡ್ ತಗುಲಿದವರಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬಾರದು, ಕೊಟ್ಟವರೂ ಬೀಳ್ತಾರೆ. ಆಕ್ಸಿಜನ್ ಬೇಕು, ಆಮೇಲೆ ಹೈಡ್ರಾಕ್ಸೊಕೊಬಾಲಮಿನ್ ಅಥವಾ ಸೋಡಿಯಂ ಥಯೋಸಲ್ಫೇಟ್‌ನಂಥ ಔಷಧ, ಅದೂ ವೈದ್ಯರ ಕೈಯಿಂದ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಈ ವಾರವೇ ಹೋಗಿ, ನಮ್ಮಲ್ಲಿ ಸಯನೈಡ್ ಇದೆ, ಇಷ್ಟು ಜನ ಕೆಲಸ ಮಾಡ್ತಾರೆ, ಈ ಔಷಧ ನಿಮ್ಮಲ್ಲಿದೆಯಾ ಅಂತ ಕೇಳಿ. ಇಲ್ಲ ಅಂದರೆ ಯಾವ ಆಸ್ಪತ್ರೆಯಲ್ಲಿದೆ ಅಂತ ಹುಡುಕಿ, ಆ ಆಸ್ಪತ್ರೆಯ ಫೋನ್ ನಂಬರನ್ನು ಲೇಪದ ತೊಟ್ಟಿಯ ಪಕ್ಕದ ಗೋಡೆ ಮೇಲೆ ದೊಡ್ಡದಾಗಿ ಬರೆಸಿ.