ಕೋಲಾರದ ಟೊಮೆಟೊ ಮಂಡಿಯಲ್ಲಿ ‘ಟಾಕ್ ಇಂಟು’

ಟೆಂಪೋ ಹಾರ್ನ್ ಗಲಾಟೆಗೆ ಮೈಕಲ್ಲಿ ಒಂದಕ್ಷರಾನೂ ಸಿಕ್ಕಿಲ್ಲ, ಅದಕ್ಕೇ ಈ ವಿಡಿಯೋಗೆ ಮಾತು ಆಮೇಲೆ ಸೇರಿಸ್ತಿರೋದು. ಕಾಣ್ತಿರೋದು ಕೋಲಾರದ ಎಪಿಎಂಸಿ. ಇವತ್ತಿನ ಇಂಗ್ಲಿಷ್ ಪದ ‘ಟಾಕ್ ಇಂಟು’.

ಅಲ್ಲಿ ನೋಡಿ, ಮಂಡಿಯವರು ರೈತನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೀತಿದಾರಲ್ಲ, ಅದೇ ಇದು. ಮನಸ್ಸಿಲ್ಲದವನನ್ನ ಮಾತಾಡೀ ಮಾತಾಡೀ ಒಪ್ಪಿಸೋದು. ಪುಸಲಾಯಿಸೋದು ಅನ್ನಬಹುದು. ಊಹೂಂ, ಬೇಡ, ಅದು ಇಂಗ್ಲಿಷಿನ ‘ಕೋಕ್ಸ್’ (coax) ಅನ್ನೋ ಪದಕ್ಕೆ ಸರಿ, ಅದರಲ್ಲಿ ಬೆಣ್ಣೆ ಜಾಸ್ತಿ. ಇದಕ್ಕೆ ‘ಮಾತಾಡಿ ಒಪ್ಪಿಸು’ ಸಾಕು.

ಸಿಟ್ಟು ಬರೋದು ಇಲ್ಲಿ. ‘ಹೀ ಟಾಕ್ಡ್ ಇಂಟು ದ ಫಾರ್ಮರ್ ಟು ಸೆಲ್’ ಅಂತ ಬರೀತಾರೆ. ಒಂದೇ ವಾಕ್ಯದಲ್ಲಿ ಎರಡು ತಪ್ಪು! ‘ಟಾಕ್ ಇಂಟು ದ ಮೈಕ್’ ಅಂದ್ರೆ ಮೈಕಿಗೆ ಬಾಯಿ ಹಿಡಿದು ಮಾತಾಡು ಅಂತ. ಪಾಪ, ರೈತ ಏನು ಮೈಕಾ? ಒಪ್ಪಬೇಕಾದವನು ಇಲ್ಲಿ ಟಾಕ್‌ಗೂ ಇಂಟುಗೂ ನಡುವೆ ಕೂರ್ಬೇಕು: ‘ಹೀ ಟಾಕ್ಡ್ ದ ಫಾರ್ಮರ್ ಇಂಟು ಸೆಲ್ಲಿಂಗ್’. ಇನ್ನು ಆ ‘ಟು ಸೆಲ್’ ಎಲ್ಲಿಂದ ಬರುತ್ತೆ ಗೊತ್ತಾ? ನಾವು ‘ಮಾರೋಕೆ ಒಪ್ಪಿಸಿದ’ ಅಂತೀವಿ. ‘ಮಾರೋಕೆ’ಯಲ್ಲಿರೋ ಆ ‘ಓಕೆ’ ನಾಲಿಗೆ ಮೇಲೆ ‘ಟು’ ಆಗ್ಬಿಡುತ್ತೆ. ‘ಪರ್ಸ್ವೇಡ್’ ಆದ್ರೆ ‘ಟು ಸೆಲ್’ ಸರಿ. ‘ಇಂಟು’ ಪ್ರಿಪೊಸಿಷನ್ನು, ಅದಾದ್ಮೇಲೆ ಕ್ರಿಯಾಪದ ಬಂದ್ರೆ ಕೊನೇಲಿ ‘ಇಂಗ್’ ಬೇಕೇ ಬೇಕು. ಇಲ್ಲಾಂದ್ರೆ ನಾಮಪದ, ಅಥವಾ ಸುಮ್ಮನೆ ‘ಇಟ್’: ‘ಹೀ ಟಾಕ್ಡ್ ಮಿ ಇಂಟು ಇಟ್’.

ಈ ಬಾಕ್ಸ್ ನೋಡಿ, 15 ಕೆಜಿದು. ಮೇಲೆ ಕೆಂಪಗೆ ಗುಂಡಗೆ, ಕೆಳಗೆ ಕೈ ಹಾಕಿದ್ರೆ ಬಿರಿದಿರೋ ಹಣ್ಣು. ಇದು ಟಾಕ್ ಇಂಟು ಅಲ್ಲ, ‘ಟ್ರಿಕ್ ಇಂಟು’. ಮೋಸ ಮಾಡಿ ಕೊಳ್ಳೋ ಹಾಗೆ ಮಾಡೋದು. ಜೋಡಣೆ ಅದೇ, ಕ್ರಿಯಾಪದ ಮಾತ್ರ ಬೇರೆ.

ಅಯ್ಯೋ, ಶಾಟ್ ಮುಗೀತಾ ಬಂತು. ‘ಟಾಕ್ಡ್ ಇಂಟು’ ಅಂದ್ಮೇಲೆ ರೈತ ಒಪ್ಪಿ ಆಯ್ತು. ‘ಟಾಕ್ಡ್ ಹಿಮ್ ಇಂಟು ಸೆಲ್ಲಿಂಗ್, ಬಟ್ ಹೀ ರಿಫ್ಯೂಸ್ಡ್’ ಅಂತ ಬರೀಬೇಡಿ. ಒಪ್ಪದೇ ಇದ್ರೆ ‘ಟ್ರೈಡ್ ಟು ಟಾಕ್ ಹಿಮ್ ಇಂಟು ಸೆಲ್ಲಿಂಗ್’. ಪಕ್ಕದಲ್ಲಿರೋ ತಮ್ಮ ‘ಬೇಡಣ್ಣ, ಈ ರೇಟಿಗೆ ಕೊಡ್ಬೇಡ’ ಅಂತ ಮನಸ್ಸು ತಿರುಗಿಸಿದ್ರೆ ‘ಟಾಕ್ಡ್ ಹಿಮ್ ಔಟ್ ಆಫ್ ಸೆಲ್ಲಿಂಗ್’. ಅಲ್ಲೂ ಇಂಗೇ. ನೋಡಿ, ಬಾಕ್ಸ್ ವಾಪಸ್ ಟೆಂಪೋಗೆ ಏರ್ತಿದೆ.