ಪರವಾಗಿಲ್ಲ ಬಿಡ್ರಿ ಸರ

ಹೋದ ವರ್ಷ ಮೈಸೂರಿನ ಬೋಗಾದಿ ಆಚೆ ಒಂದು ಮನೆ ಕಟ್ಟಿಸಿದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದರಲ್ಲಿ ಒಂದು ಮುಗೀತು. ಆದರೆ ಇವತ್ತು ನನ್ನ ಕಷ್ಟ ಹೇಳೋಕೆ ಮೈಕ್ ಮುಂದೆ ಕೂತಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಯಾದಗಿರಿ ಕಡೆಯ ಗಂಡ ಹೆಂಡತಿ ವಿಷಯ ಇದು.

ಗಂಡ ಗಾರೆ ಕೆಲಸಕ್ಕೆ ಹೆಲ್ಪರ್. ಹೆಂಡತಿ ಇಟ್ಟಿಗೆ ಹೊರುತ್ತಿದ್ದಳು, ಸಂಜೆ ಗೋಡೆಗೆ ನೀರು ಹೊಡೆಯುತ್ತಿದ್ದಳು. ರಾತ್ರಿ ಇಬ್ಬರೂ ಸಿಮೆಂಟು, ಕಂಬಿಗೆ ಕಾವಲು. ಕಾವಲಿಗೆ ಬೇರೆ ಕೂಲಿ ಇಲ್ಲ, ಶೆಡ್ಡೇ ಕೂಲಿ. ಏಪ್ರಿಲ್ ಮಧ್ಯಾಹ್ನ ಆ ತಗಡಿನ ಕೆಳಗೆ ಐದು ನಿಮಿಷ ಕೂರೋಕೆ ಆಗಲ್ಲ. ಆಕೆ ಮಗುವನ್ನು ನಮ್ಮ ಹಾಲ್ ಆಗಬೇಕಿದ್ದ ಜಾಗದಲ್ಲಿ, ಸೆಂಟ್ರಿಂಗ್ ಕಂಬಗಳ ನಡುವೆ, ಖಾಲಿ ಸಿಮೆಂಟ್ ಚೀಲ ಹಾಸಿ ಮಲಗಿಸುತ್ತಿದ್ದಳು. ಮೇಲಿನ ಮೌಲ್ಡ್‌ನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದಕ್ಕೆ ತಂಪು.

ಒಂದು ದಿನ ಸುಮ್ನೆ ಕೇಳಿದೆ, ಇಲ್ಲಿ ಕೆಲಸ ಹೇಗಿದೆ, ಖುಷಿಯಾಗಿದ್ದೀರಾ ಅಂತ. ಅವನು ಹೇಳಿದ್ದು: "ಪರವಾಗಿಲ್ಲ ಬಿಡ್ರಿ ಸರ, ಊರಾಗ ಇದೂ ಇಲ್ಲ."

ನಾವು ಮೊದಲ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತೇವೆ. ಪರವಾಗಿಲ್ಲವಂತೆ, ತೃಪ್ತಿಯಾಗಿದ್ದಾರೆ, ಬಿಟ್ಟು ಹೋಗ್ತಿಲ್ಲ ಅಲ್ವಾ? ಅವನು ಹೇಳಿದ್ದು ನನ್ನ ಸೈಟಿನ ಬಗ್ಗೆ ಅಲ್ಲವೇ ಅಲ್ಲ, ಮಳೆ ಇಲ್ಲದ ಅವನ ಹೊಲದ ಬಗ್ಗೆ.

ಇನ್ನು ಬಿಟ್ಟು ಹೋಗದಿರೋದು. ಶನಿವಾರ ಬಟವಾಡೆ ದಿನ ಮೇಸ್ತ್ರಿ ಪೂರ್ತಿ ಕೂಲಿ ಕೊಡಲ್ಲ. ವಾರದ ಖರ್ಚಿಗೆ ಅಂತ ಒಂದಿಷ್ಟು ಕೊಡ್ತಾನೆ. ಉಳಿದದ್ದು ಅವನ ಪುಸ್ತಕದಲ್ಲಿ. ಲೆಕ್ಕ ಯುಗಾದಿಗೆ, ಇಲ್ಲವೇ ಊರ ಜಾತ್ರೆಗೆ. ಊರಿಗೆ ಹೋಗೋ ರೈಲು ಬಸವ ಎಕ್ಸ್‌ಪ್ರೆಸ್ ಹತ್ತುವ ಹಿಂದಿನ ದಿನ ಅಂತಿಟ್ಟುಕೊಳ್ಳಿ. ನಡುವೆ ಕೆಲಸ ಬಿಟ್ಟರೆ ಬಾಕಿಗೆ ನಾಮ. ದರ್ಭಂಗಾ ರೈಲು ಹಿಡಿಯುವ ಬಿಹಾರದ ಹುಡುಗರ ಬಾಯಲ್ಲೂ ಇದೇ ಕಥೆ ಕೇಳಿದ್ದೇನೆ. ಆರು ತಿಂಗಳ ದುಡ್ಡು ಇನ್ನೊಬ್ಬನ ಜೇಬಿನಲ್ಲಿದ್ದರೆ ನೀವು ಬಿಟ್ಟು ಹೋಗ್ತೀರಾ?

ಮೇಸ್ತ್ರಿ ಒಬ್ಬನನ್ನೇ ಬೈದು ಏನು ಪ್ರಯೋಜನ? 2020ರ ಮೇನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಬಿಲ್ಡರ್‌ಗಳ ಜೊತೆ ಸಭೆ ಆದ ಮೇಲೆ, ಊರಿಗೆ ಹೊರಟಿದ್ದ ಕಾರ್ಮಿಕರ ರೈಲುಗಳನ್ನೇ ನಮ್ಮ ರಾಜ್ಯ ಸರ್ಕಾರ ಬೇಡ ಅಂದಿತ್ತು. ಎಲ್ಲರೂ ಉಗಿದ ಮೇಲೆ ಮತ್ತೆ ರೈಲು ಬಿಟ್ಟರು. ಅದೂ ಒಂಥರಾ ಬಾಕಿ ಹಿಡಿದುಕೊಂಡ ಹಾಗೇ.

ನನ್ನದೂ ಒಂದು ಪಾಲಿದೆ. ಕಾನೂನಿನ ಪ್ರಕಾರ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ಕಟ್ಟಬೇಕಿತ್ತು, ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಗೊಣಗಿಕೊಂಡೇ ಕಟ್ಟಿದೆ. ಆದರೆ ನನ್ನ ಗೋಡೆಗೆ ನೀರು ಹೊಡೆದವಳ ಹತ್ತಿರ ಮಂಡಳಿಯ ನೋಂದಣಿ ಕಾರ್ಡೇ ಇರಲಿಲ್ಲ. ಕಾರ್ಡ್ ಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪತ್ರ ಬೇಕು. ಮೇಸ್ತ್ರಿ ಸಹಿ ಹಾಕಲ್ಲ, ನಾಳೆ ಏನಾದರೂ ಆದರೆ ತನ್ನ ತಲೆಗೆ ಬರುತ್ತೆ ಅಂತ. ನಾನು? ಆ 90 ದಿನ ಕಣ್ಣಾರೆ ನೋಡಿದವನು ನಾನು. ಟೈಲ್ಸ್ ಬಣ್ಣ ಆರಿಸೋಕೆ ನಾಲ್ಕು ಅಂಗಡಿ ಸುತ್ತಿದೆ, ಇದೊಂದನ್ನು ಕೇಳಲಿಲ್ಲ.

ಗೃಹಪ್ರವೇಶದ ದಿನ ಊಟಕ್ಕೆ ಕರೆದೆ. ಕೊನೆ ಪಂಕ್ತಿಯಲ್ಲಿ ಕೂತು ಉಂಡರು. ಮಗು ಮಾತ್ರ ನೆಟ್ಟಗೆ ಹಾಲ್‌ಗೆ ಹೋಗಿ, ತಾನು ಮಲಗುತ್ತಿದ್ದ ಜಾಗದಲ್ಲಿ ಕೂತುಬಿಟ್ಟಿತು. ತಾಯಿ ಗಾಬರಿಯಾಗಿ ಎಳೆದುಕೊಂಡಳು, ಟೈಲ್ಸ್ ಗಲೀಜಾಗುತ್ತೆ ಅಂತ.

ಮಾರನೇ ದಿನ ಶೆಡ್ಡಿನ ತಗಡುಗಳು ಟೆಂಪೋ ಹತ್ತಿದವು. ಇಲವಾಲದ ಹತ್ತಿರ ಹೊಸ ಸೈಟಂತೆ. ಬಾಕಿ ಬಂತಾ ಅಂದೆ.

"ಅಲ್ಲಿ ಪಾಯ ಮುಗಿದ ಮ್ಯಾಲೆ ಕೊಡ್ತಾರಂತ್ರಿ."