ಹೊರನಾಡಿನ ಮಕ್ಕಳ ಕ್ಯಾಂಪಿಗೆ ಸೇವೆಗೆ ಹೊರಟವರಿಗೆ

ಕೇಳುಗರಿಗೆ ನಮಸ್ಕಾರ.

ಬೇರೆ ದೇಶದ ಕ್ರೈಸ್ತ ಮಕ್ಕಳ ಕ್ಯಾಂಪಿಗೋ ಯೌವನಸ್ಥರ ಕ್ಲಬ್ಬಿಗೋ ಸ್ವಯಂಸೇವಕರಾಗಿ ಹೋಗಿ ಒಂದಷ್ಟು ಕಾಲ ಕೈಜೋಡಿಸಿ ಬರಬೇಕು ಎಂದು ಮನಸ್ಸು ಮಾಡಿದವರಿಗಾಗಿ ಇವತ್ತಿನ ಮಾತು. ಹೋಗುವ ಮುಂಚೆಯೇ ಮನದಟ್ಟಾಗಬೇಕಾದ ಸಂಗತಿ ಒಂದಿದೆ. ಕ್ಯಾಂಪ್ ಮುಗಿದ ಮೇಲೆ ನೀವು ವಿಮಾನ ಹತ್ತುತ್ತೀರಿ. ಆ ಮಕ್ಕಳ ಜೊತೆ ಉಳಿಯುವವರು ಅಲ್ಲಿನ ಸಭೆಯವರು, ಎಂದರೆ ಚರ್ಚಿನವರು, ಮತ್ತು ಅಲ್ಲಿನ ನಾಯಕರು. ನೀವು ಏನೇ ಮಾಡಿ, ಅದು ಅವರ ಕೈ ಬಲಪಡಿಸಬೇಕು. ಮಕ್ಕಳ ಕಣ್ಣೆಲ್ಲ ನಿಮ್ಮ ಮೇಲೇ ನೆಟ್ಟು ಅವರ ನಾಯಕರು ಮೂಲೆ ಸೇರಿದರೆ, ಕ್ಯಾಂಪ್ ಎಷ್ಟೇ ಕಳೆಗಟ್ಟಿದ್ದರೂ ಕೆಲಸ ಕೆಟ್ಟಿತು ಎಂದೇ ಲೆಕ್ಕ.

ಈ ಸೇವೆಗೆ ಹಳೆಯ ಬೇರಿದೆ. 1868ರಲ್ಲಿ ವೇಲ್ಸಿನ ಲಾಂಡುಡ್ನೋ ಕಡಲತೀರದಲ್ಲಿ ಜೊಸಾಯ ಸ್ಪೈಯರ್ಸ್ ಎಂಬವರು ಮರಳಿನ ಮೇಲೆ ‘ದೇವರು ಪ್ರೀತಿಸ್ವರೂಪಿ’ ಎಂಬ ವಾಕ್ಯವನ್ನು ಗೀಚಿ, ಆ ಅಕ್ಷರಗಳನ್ನು ಚಿಪ್ಪು, ಕಲ್ಲು, ಕಡಲಪಾಚಿಗಳಿಂದ ಸಿಂಗರಿಸಲು ಮಕ್ಕಳನ್ನು ಕರೆದರು. ಅದರ ಹಿಂದಿನ ವರ್ಷ ಲಂಡನ್ನಿನಲ್ಲಿ ಅವರು ಮಕ್ಕಳಿಗಾಗಿ ಶುರುಮಾಡಿದ ಕೂಟವೇ ಮುಂದೆ ಸ್ಕ್ರಿಪ್ಚರ್ ಯೂನಿಯನ್ ಎಂಬ ಕ್ರೈಸ್ತ ಸಂಸ್ಥೆಯಾಗಿ ಬೆಳೆಯಿತು. ಮಕ್ಕಳ ಕೈಗೆ ಕೆಲಸ ಕೊಡದೆ ಬರೀ ಕಿವಿಗೆ ಮಾತು ತುಂಬಿದರೆ ಉಪಯೋಗವಿಲ್ಲ ಎಂಬುದು ಆ ಮರಳಿನಲ್ಲಿ ಕಂಡದ್ದು. ಒಳ್ಳೆಯ ಕ್ಯಾಂಪುಗಳು ಇವತ್ತಿಗೂ ಹಾಗೆಯೇ ನಡೆಯುತ್ತವೆ.

ಕ್ಯಾಂಪ್ ಬೇರೆ, ಕ್ಲಬ್ ಬೇರೆ. ಕ್ಯಾಂಪಿನಲ್ಲಿ ಮಕ್ಕಳು ಐದೋ ಏಳೋ ದಿನ ಮನೆಬಿಟ್ಟು ಬಂದು, ಬೆಳಗಿನಿಂದ ಮಲಗುವ ತನಕ ನಿಮ್ಮ ಕಣ್ಣೆದುರೇ ಇರುತ್ತಾರೆ. ಕ್ಲಬ್ ವಾರಕ್ಕೊಂದು ಸಂಜೆ, ಒಂದೂವರೆ ಗಂಟೆ. ಎರಡು ವಾರ ಬಿಡುವಿದ್ದವರೂ ಕ್ಯಾಂಪಿಗೆ ಹೋಗಬಹುದು. ಕ್ಲಬ್ಬಿಗೆ ಹೋಗುವವರು ಒಂದು ಶಾಲಾ ವರ್ಷವನ್ನಾದರೂ ಕೊಡಬೇಕು. ಹದಿನಾಲ್ಕರ ಹುಡುಗ ಹೊಸಬರ ಹತ್ತಿರ ಮನಸ್ಸು ಬಿಚ್ಚುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅವನು ಬಾಯಿ ತೆರೆಯುವ ಹೊತ್ತಿಗೆ ನೀವು ಹೊರಟು ನಿಂತರೆ, ನಿಮ್ಮ ನಂತರ ಬರುವವರ ಹತ್ತಿರವೂ ಅವನು ಮಾತಾಡಲಾರ.

ಮೊದಲು ಕಾಗದಪತ್ರದ ಕೆಲಸ. ‘ಸಂಬಳವೇ ಇಲ್ಲವಲ್ಲ, ಪ್ರವಾಸಿ ವೀಸಾ ಸಾಕು’ ಎಂದುಕೊಂಡು ಹೊರಟು ವಿಮಾನ ನಿಲ್ದಾಣದಿಂದಲೇ ವಾಪಸಾಗುವವರಿದ್ದಾರೆ. ಸಂಬಳವಿಲ್ಲದ ಸೇವೆಯನ್ನೂ ಅನೇಕ ದೇಶಗಳು ಕೆಲಸವೆಂದೇ ನೋಡುತ್ತವೆ. ಅಮೆರಿಕದಲ್ಲಿ ಕ್ಯಾಂಪ್ ಕೌನ್ಸಿಲರ್, ಎಂದರೆ ಕ್ಯಾಂಪಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು, ಆಗುವವರಿಗೆ ಜೆ-1 ಎಂಬ ವಿನಿಮಯ ವೀಸಾದಲ್ಲೇ ಬೇರೆ ವಿಭಾಗವಿದೆ: ವಯಸ್ಸು 18 ತುಂಬಿರಬೇಕು, ಹೆಚ್ಚೆಂದರೆ 4 ತಿಂಗಳು. ಬ್ರಿಟನ್ನಿನಲ್ಲಿ ಚಾರಿಟಿ ವರ್ಕರ್ ವೀಸಾ ಇದೆ. ಕರೆಸಿಕೊಳ್ಳುವ ಸಂಸ್ಥೆ ಪ್ರಾಯೋಜಕತ್ವದ ಪತ್ರ ಕೊಡಬೇಕು, ಸೇವೆ ಸಂಬಳವಿಲ್ಲದ್ದಾಗಿರಬೇಕು, ಹೆಚ್ಚೆಂದರೆ 12 ತಿಂಗಳು. ನೀವು ಹೋಗುವ ದೇಶದ ನಿಯಮವನ್ನು ಆ ದೇಶದ ರಾಯಭಾರ ಕಚೇರಿಯಿಂದಲೇ ಕೇಳಿ ತಿಳಿದುಕೊಳ್ಳಿ. ಹಿಂದಿನ ವರ್ಷ ಹೋಗಿಬಂದವರ ಮಾತನ್ನು ನೆಚ್ಚಿ ಹೊರಡಬೇಡಿ, ನಿಯಮ ಅಷ್ಟರಲ್ಲೇ ಬದಲಾಗಿರಬಹುದು. ಪಾಸ್‌ಪೋರ್ಟ್ ಅವಧಿ ಮರಳಿ ಬರುವ ದಿನದಿಂದ ಇನ್ನೂ ಆರು ತಿಂಗಳು ಉಳಿದಿರಲಿ. ಹಳದಿ ಜ್ವರದ ಲಸಿಕೆ ಕಡ್ಡಾಯವಿರುವ ದೇಶವಾದರೆ, ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಕೊನೆಯ ವಾರದಲ್ಲಿ ಓಡಿದರೆ ಆಗುವುದಿಲ್ಲ.

ಇದರ ಜೊತೆಗೆ ಪೊಲೀಸ್ ಕ್ಲಿಯರೆನ್ಸ್ ಪತ್ರ, ಎಂದರೆ ನಿಮ್ಮ ಮೇಲೆ ಅಪರಾಧದ ದಾಖಲೆಯಿಲ್ಲ ಎಂಬ ಪೊಲೀಸರ ಪತ್ರ, ಬೇಕು. ನೀವು ಹಿಂದೆ ವಾಸವಿದ್ದ ಬೇರೆ ದೇಶಗಳ ಪತ್ರವನ್ನೂ ಕೇಳಬಹುದು. ನಿಮ್ಮ ಸಭಾಪಾಲಕರ ಪತ್ರ, ಬಂಧುಗಳಲ್ಲದ ಇಬ್ಬರ ಶಿಫಾರಸು, ಒಂದು ಸಂದರ್ಶನ, ಮಕ್ಕಳ ಸುರಕ್ಷತೆಯ ತರಬೇತಿ. ಇವು ಯಾವುದನ್ನೂ ಕೇಳದೆ ‘ಬನ್ನಿ, ಬನ್ನಿ’ ಎನ್ನುವ ಸಂಸ್ಥೆ ಇದ್ದರೆ ಅಲ್ಲಿಗೆ ಹೋಗಲೇಬೇಡಿ. ನಿಮ್ಮನ್ನು ವಿಚಾರಿಸದವರು ನಿಮ್ಮ ಪಕ್ಕದ ಮಂಚದವರನ್ನೂ ವಿಚಾರಿಸಿರುವುದಿಲ್ಲ. ಪ್ರಯಾಣದ ಖರ್ಚು ಸಾಮಾನ್ಯವಾಗಿ ಸ್ವಯಂಸೇವಕರದೇ. ಊಟ ವಸತಿ ಯಾರದು, ವಿಮೆ ಯಾರದು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ವಿಮೆಯಲ್ಲಿ ಈಜು, ಹಗ್ಗದೇಣಿ, ಬಂಡೆ ಹತ್ತುವುದು ಸೇರಿದೆಯೇ ಎಂದು ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ ನೋಡಿ.

ಇನ್ನು ಮಕ್ಕಳ ಸುರಕ್ಷತೆ. ಇಲ್ಲಿ ಅವಸರ ಬೇಡ. ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಒಂದು ಅಳತೆ ಹೇಳುತ್ತದೆ: 4ರಿಂದ 8 ವರ್ಷದ 6 ಮಕ್ಕಳಿಗೆ ಒಬ್ಬರು ದೊಡ್ಡವರು, 9ರಿಂದ 12ರ 8 ಮಕ್ಕಳಿಗೆ ಒಬ್ಬರು, 13ರಿಂದ 18ರ 10 ಮಂದಿಗೆ ಒಬ್ಬರು. ಗುಂಪು ಎಷ್ಟೇ ಚಿಕ್ಕದಿದ್ದರೂ ಇಬ್ಬರು ದೊಡ್ಡವರು ಇರಲೇಬೇಕು. ಅಡುಗೆಯವರನ್ನೂ ಡ್ರೈವರನ್ನೂ ಲೆಕ್ಕಕ್ಕೆ ಸೇರಿಸಿ ಸಂಖ್ಯೆ ಸರಿದೂಗಿಸುವುದು ಎಲ್ಲೆಡೆ ಕಾಣುವ ತಪ್ಪು. ಮಕ್ಕಳನ್ನು ನೋಡಿಕೊಳ್ಳುವುದಷ್ಟೇ ಯಾರ ಕೆಲಸವೋ ಅವರನ್ನು ಮಾತ್ರ ಎಣಿಸಬೇಕು.

ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಅಳುವ ಮಗುವಿನೊಡನೆ ಮಾತಾಡಬೇಕಾದರೆ ಬೇರೆಯವರಿಗೆ ಕಾಣುವ, ಆದರೆ ಮಾತು ಕೇಳದ ಜಾಗ ಆರಿಸಿಕೊಳ್ಳಿ: ಜಗಲಿಯ ತುದಿ, ಮೈದಾನದ ಬೆಂಚು. ದೀಪ ಆರಿಸುವ ಹೊತ್ತಿಗೆ ಮಗುವೊಂದು ಹತ್ತಿರ ಬಂದು, ‘ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ’ ಎಂದರೆ ಆ ಮಾತು ಕೊಡಬೇಡಿ. ‘ನಿನ್ನ ಒಳ್ಳೆಯದಕ್ಕೆ ಬೇಕಾದರೆ ಒಬ್ಬರಿಗೆ ಮಾತ್ರ ಹೇಳಬೇಕಾಗುತ್ತೆ, ಆದರೂ ನೀನು ಹೇಳು, ನಾನು ಕೇಳ್ತೀನಿ’ ಎನ್ನಿ. ಮನೆಯಲ್ಲಿ ಹೊಡೆತವೋ, ಯಾರಾದರೂ ಮುಟ್ಟಬಾರದಂತೆ ಮುಟ್ಟಿದ್ದೋ ಹೊರಬಂದರೆ ಗಾಬರಿ ಮುಖದಲ್ಲಿ ಕಾಣದಿರಲಿ. ‘ಅವರು ಹೀಗೆ ಮಾಡಿದರಾ, ಹಾಗೆ ಮಾಡಿದರಾ’ ಎಂದು ಉತ್ತರ ಬಾಯಿಗಿಡುವ ಪ್ರಶ್ನೆ ಕೇಳಬೇಡಿ, ಮುಂದೆ ತನಿಖೆಗೆ ಅದೇ ತೊಡಕಾಗುತ್ತದೆ. ಮಗು ಆಡಿದ ಮಾತನ್ನು ಮಗುವಿನ ಮಾತಿನಲ್ಲೇ, ದಿನ ಮತ್ತು ಗಂಟೆ ಸಮೇತ ಬರೆದು, ಅವತ್ತೇ, ಸುರಕ್ಷತೆಗೆ ನೇಮಕವಾದವರ ಕೈಗೆ ಕೊಡಿ. ಅವರು ಯಾರು ಎಂಬುದು ಮೊದಲ ದಿನವೇ ಗೊತ್ತಿರಬೇಕು. ನೀವೇ ವಿಚಾರಣೆಗೆ ಇಳಿಯುವುದೋ, ಮನೆಯವರಿಗೆ ಫೋನ್ ಮಾಡುವುದೋ ಮಗುವಿಗೆ ಕೇಡು ತರಬಹುದು.

ಅಲ್ಲಿನ ಭಾಷೆ ಬಾರದವರು ದುಭಾಷಿಯ ಮೂಲಕ ಮಾತಾಡಬೇಕಾಗುತ್ತದೆ. ಹತ್ತು ನಿಮಿಷದ ಸಂದೇಶ ದುಭಾಷಿ ನಿಂತಾಗ ಇಪ್ಪತ್ತಾಗುತ್ತದೆ. ಇದನ್ನು ಮರೆತು ಇಪ್ಪತ್ತು ನಿಮಿಷಕ್ಕೆ ಸಿದ್ಧವಾದವರ ಮುಂದೆ ಮಕ್ಕಳು ನಲವತ್ತು ನಿಮಿಷ ಕುಳಿತು ಒದ್ದಾಡುತ್ತಾರೆ. ಹಿಂದಿನ ರಾತ್ರಿಯೇ ದುಭಾಷಿಯ ಜೊತೆ ಕುಳಿತು ಮಾತಿನ ಪ್ರತಿ ಓದಿ. ಸತ್ಯವೇದದ, ಎಂದರೆ ಬೈಬಲಿನ, ವಾಕ್ಯಗಳ ಅಧ್ಯಾಯ, ವಚನ ಸಂಖ್ಯೆ ಕೊಡಿ, ಅವರು ತಮ್ಮ ಭಾಷೆಯ ಸತ್ಯವೇದದಿಂದಲೇ ಓದಲಿ. ನಿಂತಲ್ಲೇ ಅನುವಾದ ಮಾಡಿದ ವಚನ ಮಕ್ಕಳು ಮನೆಯಲ್ಲಿ ಕಲಿತದ್ದಕ್ಕೆ ಹೊಂದುವುದಿಲ್ಲ. ಒಂದು ಪೂರ್ತಿ ವಾಕ್ಯ ಹೇಳಿ ನಿಲ್ಲಿಸಿ. ಅರ್ಧಕ್ಕೆ ನಿಲ್ಲಿಸಿದರೆ, ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ದುಭಾಷಿ ಬಾಯಿಕಟ್ಟಿ ನಿಲ್ಲಬೇಕಾಗುತ್ತದೆ. ಗಾದೆ, ಪದಚಮತ್ಕಾರ, ಪ್ರಾಸ ಬಿಡಿ. ಕಣ್ಣು ಮಕ್ಕಳ ಮೇಲಿರಲಿ, ದುಭಾಷಿಯ ಮುಖದ ಮೇಲಲ್ಲ.

ಆಟಕ್ಕೆ ಭಾಷೆ ಅಷ್ಟಾಗಿ ಬೇಡ. ನಿಯಮವನ್ನು ವಿವರಿಸುವ ಬದಲು ನಾಲ್ಕು ಮಕ್ಕಳನ್ನು ಮುಂದೆ ಕರೆದು ಆಡಿ ತೋರಿಸಿ, ಒಂದು ನಿಮಿಷದೊಳಗೆ ಎಲ್ಲರೂ ಓಡುತ್ತಿರಬೇಕು. ಔಟಾದವರು ಹೊರಗೆ ಕೂರುವ ಆಟ ಆದಷ್ಟು ಬೇಡ. ಮೊದಲು ಔಟಾಗುವುದು ಯಾವಾಗಲೂ ಅದೇ ಮೂರು ಮಕ್ಕಳು: ದಪ್ಪಗಿರುವವರು, ಹೊಸಬರು, ಚಿಕ್ಕವರು. ಆಟ ರಂಗೇರಿದ್ದಾಗಲೇ ನಿಲ್ಲಿಸಿ. ‘ಇನ್ನೊಂದ್ಸಲ’ ಎಂದು ಕೂಗು ಬಂದರೆ ನಾಳೆಗೆ ಆಟ ಸಿದ್ಧವಾಯಿತು.

ಸತ್ಯವೇದ ಓದುವ ಚಿಕ್ಕ ಗುಂಪಿನಲ್ಲಿ ಆರರಿಂದ ಎಂಟು ಮಕ್ಕಳು ಸಾಕು. ಮಾರ್ಕನ ಸುವಾರ್ತೆ 4ನೇ ಅಧ್ಯಾಯದ ಬಿರುಗಾಳಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ‘ಯೇಸು ಬಿರುಗಾಳಿ ನಿಲ್ಲಿಸಿದರು, ಅಲ್ವಾ?’ ಎಂದರೆ ‘ಹೌದು’ ಎಂಬಲ್ಲಿಗೆ ಮಾತು ಮುಗಿಯಿತು. ಅದರ ಬದಲು ಹೀಗೆ ಕೇಳಿ: ‘ದೋಣಿಗೆ ನೀರು ನುಗ್ಗುತ್ತಿದೆ. ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿ ನಿದ್ದೆಹೋಗಿದ್ದಾರೆ. ನೀನು ಅಲ್ಲಿದ್ದಿದ್ದರೆ ಅವರನ್ನು ಎಬ್ಬಿಸಿ ಏನು ಹೇಳುತ್ತಿದ್ದೆ?’ ಕೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ. ಐದಕ್ಕೇ ನಿಮಗೆ ಬಾಯಿ ತುರಿಸುತ್ತದೆ, ತಡೆದುಕೊಳ್ಳಿ. ಎಂಟೋ ಒಂಬತ್ತೋ ಆಗುವಾಗ ಒಂದು ಮಗು ನೆಲ ನೋಡುತ್ತಾ, ‘ನಾವು ಸಾಯ್ತಾ ಇದ್ರೂ ನಿಮಗೆ ಚಿಂತೆ ಇಲ್ವಾ ಅಂತ ಕೇಳ್ತಿದ್ದೆ’ ಎನ್ನಬಹುದು. ಶಿಷ್ಯರೂ ಕೇಳಿದ್ದು ಅದನ್ನೇ. ಆ ಮಗುವಿನ ಮನೆಯ ಬಿರುಗಾಳಿ ಯಾವುದೋ, ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ. ಗುಂಪನ್ನು ನಡೆಸುವವರು ಅಲ್ಲಿನ ನಾಯಕರಾಗಿ, ನೀವು ಪಕ್ಕದಲ್ಲಿ ಕುಳಿತರೆ ಇನ್ನೂ ಒಳ್ಳೆಯದು.

ಇನ್ನು ಕೊನೆಯ ರಾತ್ರಿಯ ಕೂಟ. ಕ್ಯಾಂಪ್ ಫೈರ್ ಉರಿಯುತ್ತಿರುತ್ತದೆ, ಹಾಡು ಮೆಲ್ಲಗಾಗಿರುತ್ತದೆ, ಮಕ್ಕಳು ನಾಲ್ಕು ರಾತ್ರಿಯಿಂದ ಸರಿಯಾಗಿ ಮಲಗಿಲ್ಲ, ನಾಳೆ ಗೆಳೆಯರನ್ನು ಅಗಲಬೇಕು. ಇಂಥ ಹೊತ್ತಿನಲ್ಲಿ ದೂರದೇಶದಿಂದ ಬಂದ ಪ್ರೀತಿಯ ಅತಿಥಿಯೊಬ್ಬರು ‘ಯೇಸುವನ್ನು ಅಂಗೀಕರಿಸುವವರು ಕೈ ಎತ್ತಿ’ ಎಂದರೆ ಎಲ್ಲ ಕೈಗಳೂ ಮೇಲೇಳುತ್ತವೆ. ಹೋದ ವರ್ಷ ಎತ್ತಿದವರೂ ಎತ್ತುತ್ತಾರೆ, ಅತಿಥಿಗೆ ಬೇಸರವಾಗದಿರಲಿ ಎಂದು ಎತ್ತುವವರೂ ಇರುತ್ತಾರೆ. ಆ ಕೈಗಳನ್ನು ಎಣಿಸಿ ಊರಿಗೆ ವರದಿ ಬರೆಯುವುದು ಮಕ್ಕಳಿಗೂ ಸುವಾರ್ತೆಗೂ ಮಾಡುವ ಅನ್ಯಾಯ. ನಂಬಿಕೆಯ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿ, ಅದಕ್ಕಾಗಿಯೇ ಹೋಗಿದ್ದೀರಿ. ಆದರೆ ಎರಡನೇ ದಿನದ ಹಗಲಿನಲ್ಲೇ ಹೇಳಿ, ಮಕ್ಕಳಿಗೆ ಪ್ರಶ್ನೆ ಕೇಳಲು ಇನ್ನೂ ದಿನಗಳಿರುವಾಗ. ಉತ್ತರ ಕೊಡಬೇಕೆನಿಸಿದವರು ಮಾರನೆಯ ದಿನ ತಾವಾಗಿ ತಮ್ಮ ಗುಂಪಿನ ನಾಯಕರ ಹತ್ತಿರ ಬಂದು ಮಾತಾಡಲಿ. ಕ್ಯಾಂಪಿನಲ್ಲಿ ಪ್ರಾರ್ಥನೆ, ಸಂದೇಶ ಇರುತ್ತದೆ ಎಂಬುದು ತಂದೆತಾಯಿ ಸಹಿ ಮಾಡುವ ಪತ್ರದಲ್ಲೇ ಸ್ಪಷ್ಟವಾಗಿ ಬರೆದಿರಬೇಕು. ಬೇರೆ ಧರ್ಮದ ಮನೆಯ ಮಕ್ಕಳಿದ್ದರೆ ಇದು ಇನ್ನೂ ಮುಖ್ಯ. ಕೆಲವು ದೇಶಗಳಲ್ಲಿ ಇದಕ್ಕೆ ಕಾನೂನೇ ಇದೆ. ಆಟಿಕೆ, ತಿಂಡಿ, ಬಹುಮಾನಗಳನ್ನು ನಂಬಿಕೆಯ ಉತ್ತರಕ್ಕೆ ಎಂದೂ ಗಂಟುಹಾಕಬೇಡಿ.

ಕಾಯಿಲೆಯ ಬಗ್ಗೆ ಒಂದೆರಡು ಮಾತು. ಒಂದೇ ರಾತ್ರಿ ಮೂರು ಮಕ್ಕಳಿಗೆ ವಾಂತಿ ಶುರುವಾದರೆ ಬೇಗ ಹರಡುವ ನೊರೊವೈರಸ್ ಎಂಬ ವಾಂತಿಭೇದಿಯ ಸೋಂಕು ಎಂದು ಅನುಮಾನಿಸಿ. ಕೈಗೆ ಸವರುವ ಸ್ಯಾನಿಟೈಸರ್ ಇದರ ಮೇಲೆ ಚೆನ್ನಾಗಿ ಕೆಲಸ ಮಾಡುವುದಿಲ್ಲ, ಸೋಪು ನೀರೇ ಬೇಕು. ಕಾಯಿಲೆಯವರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಕೊಡಿ. ವಾಂತಿ ಭೇದಿ ನಿಂತ ಮೇಲೂ 48 ಗಂಟೆ ಗುಂಪಿಗೆ ಸೇರಿಸಬೇಡಿ. ಸ್ವಯಂಸೇವಕರಿಗೂ ಇದೇ ನಿಯಮ, ಅಡುಗೆಮನೆಗಂತೂ ಕಾಲಿಡಬಾರದು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಕಣ್ಣಂದಾಜು ಬೇಡ. ಮಕ್ಕಳ ಮಾತ್ರೆಗಳೆಲ್ಲ ಬೀಗವಿರುವ ಪೆಟ್ಟಿಗೆಯಲ್ಲಿರಲಿ. ಕೊಟ್ಟ ಹೊತ್ತು, ಕೊಟ್ಟವರ ಸಹಿ ಪುಸ್ತಕದಲ್ಲಿರಲಿ. ಈಜಿಗೆ ಇಳಿಯುವಾಗ ಜೋಡಿ ಮಾಡಿ ಇಳಿಸಿ, ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಜೋಡಿಗಳು ಕೈಹಿಡಿದು ಮೇಲೆತ್ತಬೇಕು. ಇದೇನಿದ್ದರೂ ತರಬೇತಾದ ಜೀವರಕ್ಷಕರು ದಡದಲ್ಲಿ ಇಲ್ಲದಿದ್ದರೆ ಈಜೇ ಬೇಡ.

ಸ್ವಯಂಸೇವಕರ ನಿದ್ದೆಯೂ ಸುರಕ್ಷತೆಯ ಲೆಕ್ಕದಲ್ಲೇ ಬರುತ್ತದೆ. ಮೂರನೆಯ ದಿನಕ್ಕೆ ಸಿಡುಕು ಹತ್ತುತ್ತದೆ, ತಲೆ ಎಣಿಕೆ ತಪ್ಪುತ್ತದೆ. ಮಧ್ಯಾಹ್ನದ ವಿಶ್ರಾಂತಿಯ ಹೊತ್ತಿನಲ್ಲಿ ಸರದಿ ಹಾಕಿಕೊಂಡು ನಿಜವಾಗಿ ಮಲಗಿ. ಫೋನನ್ನು ಮಕ್ಕಳ ಎದುರು ತೆಗೆಯುವಂತಿಲ್ಲವಾದ್ದರಿಂದ ಒಂದು ಸಾದಾ ಕೈಗಡಿಯಾರ, ಒಂದು ಸೀಟಿ, ಒಂದು ಟಾರ್ಚ್ ಜೊತೆಗಿರಲಿ. ಮಕ್ಕಳ ಫೋಟೋವನ್ನು ಮನೆಯವರ ಲಿಖಿತ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬೇಡಿ.

ಹೊರಡುವ ದಿನ ಹತ್ತಿರವಾದಂತೆ ಮಕ್ಕಳು ನಂಬರ್ ಕೇಳುತ್ತಾರೆ, ‘ಮತ್ತೆ ಯಾವಾಗ ಬರ್ತೀರಿ’ ಎನ್ನುತ್ತಾರೆ. ಖಚಿತವಿಲ್ಲದೆ ‘ಮುಂದಿನ ವರ್ಷ’ ಎನ್ನಬೇಡಿ, ಮಗು ಅದನ್ನು ನೆಚ್ಚಿ ದಿನ ಎಣಿಸುತ್ತದೆ. ಪತ್ರ, ಸಂದೇಶ ಏನಿದ್ದರೂ ಅಲ್ಲಿನ ನಾಯಕರ ಮೂಲಕ, ಇಡೀ ಗುಂಪಿಗೆ. ಒಂದು ಮಗುವಿನ ಕೈಗೆ ಹಣವೋ ದುಬಾರಿ ಉಡುಗೊರೆಯೋ ಇಟ್ಟರೆ, ಅದು ತರುವ ಹೊಟ್ಟೆಕಿಚ್ಚನ್ನು ವರ್ಷವಿಡೀ ಅನುಭವಿಸುವವರು ಆ ನಾಯಕರು. ಕೊಡಬೇಕೆನಿಸಿದ್ದನ್ನು ಸಭೆಗೆ ಕೊಡಿ. ಆಡಿಸಿದ ಆಟಗಳನ್ನೂ, ಯಾವ ವಯಸ್ಸಿಗೆ ಯಾವುದು ಹಿಡಿಸಿತು, ಎಲ್ಲಿ ಎಡವಿತು ಎಂಬುದನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು ಅಲ್ಲಿಯೇ ಬಿಟ್ಟು ಬನ್ನಿ.

ಕೊನೆಯ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ಪಟ್ಟಿ ಹಿಡಿದು ಹೆಸರು ಕರೆಯುವವರು, ತಲೆ ಸವರಿ ಹತ್ತಿಸುವವರು ಅಲ್ಲಿನ ನಾಯಕರಾಗಿರಲಿ. ಅಷ್ಟರಲ್ಲಿ ನೀವು ಒಳಗೆ ಹೋಗಿ ಮಂಚಗಳ ಕೆಳಗೆ ಬಗ್ಗಿ ನೋಡಿ. ಒಂದು ನೀರಿನ ಬಾಟಲಿ, ಒಂಟಿ ಕಾಲುಚೀಲ, ಹೆಸರು ಬರೆದ ಒಂದು ಸತ್ಯವೇದ ಸಿಕ್ಕೇ ಸಿಗುತ್ತದೆ. ಬಸ್ಸು ಹೊರಡುವ ಮುಂಚೆ ಅದನ್ನು ನಾಯಕರ ಕೈಗೆ ಮುಟ್ಟಿಸಿ.

ನಮಸ್ಕಾರ.